ಯುದ್ಧಕ್ರೀಡೆಯಲ್ಲಿ ರಣವೈದ್ಯನ ಪಾತ್ರ

ಬೇಲೂರು, ಹಳೇಬೀಡು, ಬಿಕ್ಕೋಡು, ಅರಸೀಕೆರೆಗಳನ್ನೊಳಗೊಂಡ ಸೀಮೆಯು ವೀರಗಲ್ಲುಗಳ ಸೀಮೆಯೆಂಬುದು ಶಾಸನಾಭ್ಯಾಸಿಗಳಿಗೆ ವಿದಿತವೇ ಆಗಿದೆ. ಹಾಸನ ಜಿಲ್ಲೆಯ ಶಾಸನಗಳು 1902ರಲ್ಲಿ ಎಪಿಗ್ರಾಫಿಯ ಕರ್ನಾಟಕದ ಐದನೆಯ ಸಂಪುಟವಾಗಿ ಪ್ರಕಟವಾದುವು. ತುರುಗೊಳ್ ಕಾಳಗಗಳಲ್ಲಿಯೂ ಊರಳಿವುಗಳಲ್ಲಿಯೂ ಮಡಿದವರ ಹೆಸರುಗಳು ಇಂತಹ ಸಂಪುಟಗಳಲ್ಲಿ ಹೇರಳವಾಗಿ ದೊರೆಯುತ್ತವೆ. ವೀರಗಲ್ಲಿನ ರಚನೆಯೂ ರೂಢಿಯಿಂದ ನಿಯತವಾದುದು. ಕೆಳಗಣ ಪಟ್ಟಿಕೆಯಲ್ಲಿ ವೀರನ ಕಾಳಗ. ನಡುವಣ ಪಟ್ಟಿಕೆಯಲ್ಲಿ ಅವನನ್ನು ಮೇಲಕ್ಕೊಯ್ಯುವ ಅಪ್ಸರೆಯರು. ಮೇಲಣ ಪಟ್ಟಿಕೆಯಲ್ಲಿ ದೇವರ ಸನ್ನಿಧಿ. ಮೊದಲನೆಯ ಪಟ್ಟಿಕೆಗೂ ಎರಡನೆಯದಕ್ಕೂ ನಡುವೆ ಗಾಯಗೊಂಡವನು ಬಿದ್ದಿರುವ ಹೊತ್ತೊಂದು ಇರಲೇಬೇಕಷ್ಟೆ. ಆ ಹೊತ್ತಿಗೆ ಕಲ್ಲಿನಲ್ಲಿ ಎಡೆಯಿಲ್ಲ. ಆ ಹೊತ್ತಿನಲ್ಲಿ ಅವನ ಬಳಿಗೆ ಬರಬೇಕಾದ ವೈದ್ಯನಿಗೂ ಎಡೆಯಿಲ್ಲ. ಹಳೇಬೀಡಿನ ಗರುಡಗಂಬವು ಇಮ್ಮಡಿ ಬಲ್ಲಾಳನೊಡನೆ ಪ್ರಾಣವನ್ನರ್ಪಿಸಿದ ಕುವರ ಲಕ್ಷ್ಮನ ನೆನಪನ್ನು ಹೊತ್ತು ನಿಂತಿದೆ. ಹತ್ತನೆಯ ಶತಮಾನದ ಆತಕೂರಿನ ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯನ್ನು ಸಹ ಮರೆಯಲಿಲ್ಲ. ಗಾಯವನ್ನು ಕಟ್ಟಿದ ಕೈಗೆ ಇಂತಹ ಪ್ರಸಿದ್ಧಿ ಒದಗಲಿಲ್ಲ.

ಇದರಿಂದ ಕನ್ನಡ ನಾಡಿನಲ್ಲಿ ವೈದ್ಯಕ್ಕೆ ಗೌರವವಿರಲಿಲ್ಲವೆಂದು ಭಾವಿಸತಕ್ಕುದಲ್ಲ. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ಅನಾಥರಿಗೂ ರೋಗಿಗಳಿಗೂ ಚಿಕಿತ್ಸೆ ನಡೆಯುತ್ತಿದ್ದ ಸ್ಥಳವೆಂದು ಆ ಮಠವನ್ನು ಕೊಂಡಾಡುತ್ತದೆ. ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷವೈದ್ಯವನ್ನೇ ವಸ್ತುವಾಗಿ ಉಳ್ಳ ದೊಡ್ಡ ಗ್ರಂಥ. ಆದರೆ ವೈದ್ಯದ ಧಾರೆ ಬೇರೆ, ವೀರದ ಧಾರೆ ಬೇರೆಯಾಗಿ ಹರಿದುವು. ವೀರಕಾವ್ಯದ ನಾಯಕನು ಇರಿಯುವವನು, ಇಲ್ಲವೆ ಇರಿತಕ್ಕೆ ಎದೆಯೊಡ್ಡುವವನು. ಇರಿದ ಗಾಯವನ್ನು ಮಾಯಿಸುವವನಲ್ಲ.

ಇಂತಿರಲು, ಇತ್ತೀಚಿನ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಕಂಪ್ಯೂಟರಿನ ಮೇಲೆ ಆಡುವ ಯುದ್ಧಕ್ರೀಡೆಗಳಲ್ಲಿ ಈ ಮರೆತ ಪಾತ್ರವು ಪ್ರಧಾನಪಾತ್ರವಾಗಿ ಕಾಣಿಸಿಕೊಂಡಿರುವುದು ಸಾಹಿತ್ಯವಿಚಾರಕರು ಗಮನಿಸತಕ್ಕ ಸಂಗತಿ. ಆ ಕ್ರೀಡೆಗಳಲ್ಲಿ ಇವನಿಗೆ ಮೆಡಿಕ್ ಎಂದು ಹೆಸರು. ಪ್ರಕೃತ ಲೇಖನದಲ್ಲಿ ರಣವೈದ್ಯನೆಂಬ ಮಾತನ್ನು ಬಳಸಲಾಗಿದೆ. ಈ ಪಾತ್ರದ ಕರ್ಮವೇನು, ಪ್ರಾಚೀನ ಶಾಸ್ತ್ರದೊಡನೆ ಅದಕ್ಕಿರುವ ಸಂವಾದವೇನು, ಅದನ್ನು ಆಡುವುದರಿಂದ ಬರುವ ಫಲವಾವುದು, ಬಾರದ ಫಲವಾವುದು ಎಂಬಿವನ್ನು ವಿವರಿಸುವುದೇ ಇಲ್ಲಿಯ ಉದ್ದೇಶ.

1. ಕ್ರೀಡೆಯ ಎರಡು ಬಗೆಗಳು

ಯುದ್ಧಕ್ರೀಡೆಗಳೆಲ್ಲವೂ ಒಂದೇ ಬಗೆಯವಲ್ಲ. ಬಿಕ್ಕೋಡಿನಂತಹ ಹೋಬಳಿಯ ಊರುಗಳಲ್ಲಿಯೂ ಹುಡುಗರ ಬಾಯಲ್ಲಿ ಕೇಳಿಬರುವುದು ಮೊಬೈಲಿನಲ್ಲಿ ಆಡುವ ಬಗೆ. ಪಬ್‌ಜಿ ಎಂಬ ಆಟವು ಭಾರತದಲ್ಲಿ 2020ರ ಸೆಪ್ಟೆಂಬರಿನಲ್ಲಿ ನಿಷಿದ್ಧವಾಯಿತು. ಅದರ ರೂಪಾಂತರವು 2021ರ ಜುಲೈಯಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಿಂದ ಹೊರಬಂದಿತು. ಇದರಲ್ಲಿ ಗುಂಡು ತಗುಲಿದಾಗ ಚಿಮ್ಮುವುದು ಕೆಂಪು ರಕ್ತವಲ್ಲ, ಹಸಿರು ಬಣ್ಣ. ಕೊಂದನೆಂಬ ಮಾತಿಗೆ ಬದಲಾಗಿ ಮುಗಿಸಿದನೆಂಬರ್ಥದ ಮಾತನ್ನು ಇಟ್ಟಿರುವುದು ಶಬ್ದವಿಚಾರ ಮಾಡುವವರಿಗೆ ಕುತೂಹಲಕರವಾದುದು. ಇದರಲ್ಲಿ ಪೆಟ್ಟು ತಿಂದು ಬಿದ್ದ ಜೊತೆಗಾರನು ತೆವಳುತ್ತಿರುವನು. ಮತ್ತೊಬ್ಬನು ಬಳಿ ಬಂದು ಒಂದು ಗುಂಡಿಯನ್ನೊತ್ತಿ ಕೆಲವು ಕ್ಷಣ ಕಾದರೆ ಎದ್ದು ನಿಲ್ಲುವನು. ಗಾಯವಾವುದು, ಎಲ್ಲಿ ಆಯಿತು, ಎಷ್ಟು ರಕ್ತ ಹೋಯಿತು ಎಂಬ ವಿಚಾರವಿಲ್ಲ.

ಎರಡನೆಯದು ಅನುಕರಣಪ್ರಧಾನವಾದ ಬಗೆ. ಆಡುವವರು ಇದನ್ನು ಮಿಲಿಟರಿ ಸಿಮ್ಯುಲೇಶನ್ ಎನ್ನುವರು. ಇದರಲ್ಲಿ ದೂರ, ಭಾರ, ದಣಿವು, ಗಾಳಿ, ಆಜ್ಞೆ ಇವೆಲ್ಲವೂ ನಿಜವಾದ ಸೇನೆಯ ಕ್ರಮವನ್ನು ಹೋಲುವಂತೆ ರಚಿತವಾಗಿರುತ್ತವೆ. ಅಮೆರಿಕದ ಸೇನೆಯೇ 2002ರ ಜುಲೈ 4ರಂದು ಹೊರತಂದ ಅಮೆರಿಕಾಸ್ ಆರ್ಮಿ ಎಂಬುದು ಈ ಬಗೆಯ ಪ್ರಸಿದ್ಧವಾದ ಆಟ. ಅದರ ಕಡೆಯ ಆವೃತ್ತಿಯು 2022ರ ಮೇ ತಿಂಗಳಲ್ಲಿ ನಿಂತುಹೋಯಿತು. ಚೆಕ್ ದೇಶದ ಬೊಹೀಮಿಯಾ ಇಂಟರ್‌ಆ್ಯಕ್ಟಿವ್ ಸಂಸ್ಥೆಯು 2013ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಆರ್ಮ 3 ಎಂಬುದು ಮತ್ತೊಂದು. ಇದರಲ್ಲಿ ಸಾಮಾನ್ಯ ಯೋಧನೂ ತನ್ನ ಚೀಲದ ಪ್ರಥಮಚಿಕಿತ್ಸೆಯ ಸಾಮಗ್ರಿಯಿಂದ ಗಾಯವನ್ನು ಕಟ್ಟಬಲ್ಲನು, ಆದರೆ ಪೂರ್ತಿ ಗುಣಪಡಿಸಲಾರನು; ಅದಕ್ಕೆ ರಣವೈದ್ಯನೂ ಅವನ ದೊಡ್ಡ ಪೆಟ್ಟಿಗೆಯೂ ಬೇಕು. ಆಟಗಾರರೇ ಕೂಡಿ ರಚಿಸಿ 2015ರಲ್ಲಿ ಪ್ರಕಟಿಸಿದ ಏಸ್ 3 ಎಂಬ ಜೋಡಣೆಯು ಈ ಪಾತ್ರವನ್ನು ಬಹಳವಾಗಿ ವಿಸ್ತರಿಸಿತು.

ಈ ಎರಡು ಬಗೆಗಳ ಭೇದವನ್ನು ರಾಮಾಯಣದ ಪರಿಭಾಷೆಯಿಂದ ಸುಲಭವಾಗಿ ತಿಳಿಯಬಹುದು. ಯುದ್ಧಕಾಂಡದಲ್ಲಿ ಜಾಂಬವಂತನು ಹನುಮಂತನಿಗೆ ನಾಲ್ಕು ಓಷಧಿಗಳನ್ನು ಹೆಸರಿಸಿ ತರಹೇಳುವನು: ಸತ್ತವರನ್ನೆಬ್ಬಿಸುವ ಮೃತಸಂಜೀವನಿ, ನಾಟಿದ ಶಲ್ಯವನ್ನು ನೀಗುವ ವಿಶಲ್ಯಕರಣಿ, ಮೈಬಣ್ಣವನ್ನು ಮರಳಿ ಕೊಡುವ ಸುವರ್ಣಕರಣಿ, ಮುರಿದುದನ್ನು ಕೂಡಿಸುವ ಸಂಧಾನಿ. ಜನರ ನೆನಪಿನಲ್ಲಿ ಉಳಿದಿರುವುದು ಮೊದಲನೆಯದೊಂದೇ. ಮೊಬೈಲಿನ ಆಟವು ಮೃತಸಂಜೀವನಿಯ ಆಟ; ಅದರಲ್ಲಿ ಪವಾಡವಿದೆ, ಚಿಕಿತ್ಸೆಯಿಲ್ಲ. ಅನುಕರಣಕ್ರೀಡೆಯು ಉಳಿದ ಮೂರರ ಆಟ. ಅಲ್ಲಿ ಬದುಕಿಸುವುದೆಂಬುದು ಒಂದು ಕ್ರಿಯೆಯಲ್ಲ, ಕ್ರಿಯೆಗಳ ಪರಂಪರೆ.

2. ರಣವೈದ್ಯನ ಕರ್ಮ

ಏಸ್ 3ರ ಏರ್ಪಾಡನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಪರಂಪರೆಯನ್ನು ವಿವರಿಸಬಹುದು. ಆಡಿಸುವ ಬಳಗವು ನಿಯಮಗಳನ್ನು ಬಿಗಿ ಮಾಡಲೂ ಸಡಿಲಿಸಲೂ ಅವಕಾಶವುಂಟು. ಮುಖ್ಯಕ್ರಮವು ಮಾತ್ರ ಹೀಗಿರುವುದು.

ಶರೀರವು ತಲೆ, ಮುಂಡ, ಎರಡು ತೋಳು, ಎರಡು ಕಾಲು ಎಂದು ಆರು ಭಾಗಗಳಾಗಿ ವಿಂಗಡವಾಗಿದೆ. ಗಾಯಗಳಲ್ಲಿಯೂ ತರಚು, ಜಜ್ಜು, ಕೊಯ್ತ, ಸೀಳು, ಚುಚ್ಚು, ಗುಂಡಿನೇಟು ಮೊದಲಾದ ಜಾತಿಗಳುಂಟು. ಶರೀರದಲ್ಲಿರುವ ಆರು ಲೀಟರು ರಕ್ತವು ಗಾಯದ ಪ್ರಮಾಣಕ್ಕನುಸಾರವಾಗಿ ಸೋರುತ್ತ ಹೋಗುವುದು. ಅದು ತಗ್ಗಿದಂತೆ ರಕ್ತದ ಒತ್ತಡ ಇಳಿಯುವುದು, ನಾಡಿಯ ಗತಿ ಕೆಡುವುದು, ಪ್ರಜ್ಞೆ ತಪ್ಪುವುದು, ಕಡೆಗೆ ಹೃದಯ ನಿಲ್ಲುವುದು.

ರಣವೈದ್ಯನು ಗಾಯಗೊಂಡವನ ಬಳಿಗೆ ಬಂದೊಡನೆ ಮದ್ದಿಗೆ ಕೈಹಾಕುವಂತಿಲ್ಲ. ಗುಂಡು ಹಾರುತ್ತಿರುವ ಬಯಲಿನಲ್ಲಿ ಕುಳಿತು ಪಟ್ಟಿ ಕಟ್ಟತೊಡಗಿದವನು ತಾನೂ ಬೀಳುವನು. ಆಗ ರೋಗಿಗಳು ಇಬ್ಬರು, ವೈದ್ಯನಿಲ್ಲ. ಆದುದರಿಂದ ಮೊದಲು ಅವನನ್ನು ಮರೆಗೆ ಎಳೆದು ತರಬೇಕು. ಎರಡನೆಯದಾಗಿ ರಕ್ತವನ್ನು ನಿಲ್ಲಿಸಬೇಕು. ತೋಳು ಕಾಲುಗಳಲ್ಲಿ ರಕ್ತ ರಭಸವಾಗಿ ಹರಿಯುತ್ತಿದ್ದರೆ ಟೂರ್ನಿಕೆಟ್ ಎಂಬ ಬಿಗಿಪಟ್ಟಿಯನ್ನು ಗಾಯದ ಮೇಲ್ಗಡೆ ಬಿಗಿಯುವುದು. ಅನಂತರ ಬಿಡುವು ನೋಡಿ ಒಂದೊಂದು ಗಾಯವನ್ನೂ ಕಟ್ಟುವುದು. ಕಟ್ಟುವ ಬಟ್ಟೆಗಳಲ್ಲಿಯೂ ನಾಲ್ಕಾರು ಬಗೆಗಳಿವೆ. ಒಂದು ಬಗೆಯ ಗಾಯಕ್ಕೆ ಒಪ್ಪುವುದು ಮತ್ತೊಂದಕ್ಕೆ ಒಪ್ಪುವುದಿಲ್ಲ. ಕಟ್ಟಿದ ಗಾಯವು ಹೊಲಿಗೆ ಬೀಳುವ ಮುಂಚೆ ಮತ್ತೆ ಬಿರಿಯುವುದೂ ಉಂಟು.

ಮೂರನೆಯದು ನಾಡಿಪರೀಕ್ಷೆ. ಸಾಮಾನ್ಯ ಯೋಧನಾಗಿ ಆಡುವವನು ನಾಡಿಯನ್ನು ಮುಟ್ಟಿದರೆ ಬಲವಾಗಿದೆ, ಕ್ಷೀಣವಾಗಿದೆ ಎಂಬಷ್ಟೇ ತಿಳಿಯುವುದು. ರಣವೈದ್ಯನಿಗೆ ಸಂಖ್ಯೆಯೇ ತಿಳಿಯುವುದು. ಬಳಿಕ ಔಷಧ. ನೋವಿಗೆ ಮಾರ್ಫೀನ್ ಕೊಡಬಹುದು. ಆದರೆ ಅದು ನಾಡಿಯನ್ನೂ ಒತ್ತಡವನ್ನೂ ತಗ್ಗಿಸುವುದರಿಂದ ರಕ್ತಹೀನನಾದವನಿಗೆ ಕೊಟ್ಟರೆ ಮೃತ್ಯುವೇ ಆದೀತು. ಎಪಿನೆಫ್ರಿನ್ ನಾಡಿಯನ್ನು ಏರಿಸುವುದು. ಬಿಗಿಪಟ್ಟಿ ಹಾಕಿದ ತೋಳಿಗೆ ಸೂಜಿಮದ್ದು ಕೊಟ್ಟರೆ ಪಟ್ಟಿಯನ್ನು ಸಡಿಲಿಸುವವರೆಗೂ ಅದು ಶರೀರದಲ್ಲಿ ಹರಡುವುದಿಲ್ಲ; ಇದನ್ನು ಮರೆತ ಆಟಗಾರನು ಮದ್ದು ಸಾಲದೆಂದು ಮತ್ತೆ ಮತ್ತೆ ಕೊಟ್ಟು, ಪಟ್ಟಿಯನ್ನು ಬಿಚ್ಚಿದ ಕೂಡಲೆ ರೋಗಿಯನ್ನು ತಾನೇ ಕೊಲ್ಲುವನು. ಹೋದ ರಕ್ತಕ್ಕೆ ಬದಲಾಗಿ 250, 500, 1000 ಮಿಲಿಲೀಟರು ಚೀಲಗಳಲ್ಲಿರುವ ರಕ್ತವನ್ನೋ ಲವಣಜಲವನ್ನೋ ಏರಿಸುವುದು ಕಡೆಯ ಕೆಲಸ.

ಇವೆಲ್ಲಕ್ಕಿಂತ ಕಠಿನವಾದ ಕರ್ಮವೊಂದುಂಟು. ಗಾಯಗೊಂಡವರು ನಾಲ್ವರು, ವೈದ್ಯನು ಒಬ್ಬನು, ಚೀಲದಲ್ಲಿ ರಕ್ತ ಒಬ್ಬನಿಗಾಗುವಷ್ಟು ಮಾತ್ರ ಎಂದಿಟ್ಟುಕೊಳ್ಳೋಣ. ನಾಲ್ವರೂ ಮೆಡಿಕ್, ಮೆಡಿಕ್ ಎಂದು ಕೂಗುತ್ತಿರುವರು. ಕೂಗಲಾರದವನೇ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರಬಹುದು. ಆಗ ಯಾರನ್ನು ಮೊದಲು ನೋಡಬೇಕೆಂಬ ವಿಂಗಡಣೆಗೆ ಟ್ರಯಾಜ್ ಎಂದು ಹೆಸರು. ಈ ಫ್ರೆಂಚ್ ಮಾತಿನ ಅರ್ಥವೇ ಆರಿಸುವಿಕೆ. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯನಾದ ಲಾರೇ ಎಂಬಾತನು ಅಧಿಕಾರಿ, ಸಿಪಾಯಿ ಎಂಬ ಭೇದವನ್ನೆಣಿಸದೆ ಗಾಯದ ತೀವ್ರತೆಯನ್ನೇ ನೋಡಿ ಚಿಕಿತ್ಸೆ ಮಾಡಬೇಕೆಂದು ಏರ್ಪಡಿಸಿದುದು ಇದಕ್ಕೆ ಮೂಲ. ಏಸ್ 3ರಲ್ಲಿ ಪ್ರತಿ ಗಾಯಾಳುವಿಗೂ ಚೀಟಿಯೊಂದುಂಟು. ಹಸಿರು, ಹಳದಿ, ಕೆಂಪು, ಕಪ್ಪು ಎಂಬ ಬಣ್ಣಗಳಲ್ಲಿ ಒಂದನ್ನು ವೈದ್ಯನು ಗುರುತು ಮಾಡುವನು. ಹಸಿರಿನವನು ಕಾಯಬಲ್ಲನು, ಕೆಂಪಿನವನು ಕಾಯಲಾರನು, ಕಪ್ಪಿನವನ ಬಳಿ ನಿಲ್ಲತಕ್ಕುದಲ್ಲ. ಈ ಕ್ರೀಡೆಯ ಸಾರವೆಲ್ಲವೂ ಆ ಚೀಟಿಯಲ್ಲಿ ಅಡಗಿದೆ.

3. ಶಾಸ್ತ್ರದೊಡನೆ ಸಂವಾದ

ಸುಶ್ರುತಸಂಹಿತೆಯ ಸೂತ್ರಸ್ಥಾನದ 34ನೆಯ ಅಧ್ಯಾಯಕ್ಕೆ ಯುಕ್ತಸೇನೀಯವೆಂದು ಹೆಸರು. ಸೇನೆಯೊಡನೆ ಹೊರಟ ವೈದ್ಯನ ಕರ್ತವ್ಯವೇ ಅದರ ವಿಷಯ. ರಾಜನ ಬೀಡಿಗೆ ಹತ್ತಿರವಾಗಿ ವೈದ್ಯನು ಎಲ್ಲ ಉಪಕರಣಗಳನ್ನೂ ಸಿದ್ಧವಾಗಿಟ್ಟುಕೊಂಡಿರಬೇಕು. ವಿಷ, ಶಲ್ಯ, ರೋಗಗಳಿಂದ ಪೀಡಿತರಾದವರು ತಡಮಾಡದೆ ಬಂದು ಸೇರುವಂತೆ ಅವನು ಧ್ವಜದ ಹಾಗೆ ಎಲ್ಲರಿಗೂ ಕಾಣುವಂತಿರಬೇಕು ಎಂಬುದು ಅಲ್ಲಿಯ ಅಭಿಪ್ರಾಯ. ಕೌಟಿಲ್ಯನ ಅರ್ಥಶಾಸ್ತ್ರದ ಹತ್ತನೆಯ ಅಧಿಕರಣದಲ್ಲಿ ಶಸ್ತ್ರ, ಯಂತ್ರ, ಔಷಧ, ಎಣ್ಣೆ, ಬಟ್ಟೆಗಳನ್ನು ಹಿಡಿದ ಚಿಕಿತ್ಸಕರೂ, ಅನ್ನಪಾನಗಳನ್ನು ನೋಡಿಕೊಳ್ಳುವ ಸ್ತ್ರೀಯರೂ ಸೇನೆಯ ಹಿಂಭಾಗದಲ್ಲಿ ನಿಂತಿರಬೇಕೆಂದು ವಿಧಿಸಿದೆ. ಉದ್ಯೋಗಪರ್ವದಲ್ಲಿ ಯುಧಿಷ್ಠಿರನ ಪಾಳೆಯದಲ್ಲಿ ವೇತನ ಪಡೆಯುವ ವೈದ್ಯರು ಇದ್ದರೆಂದು ಹೇಳಿದೆ. ಭೀಷ್ಮನು ಶರಶಯ್ಯೆಯಲ್ಲಿ ಮಲಗಿದಾಗ ದುರ್ಯೋಧನನು ಶಲ್ಯವನ್ನು ಕೀಳುವುದರಲ್ಲಿ ಕುಶಲರಾದ ವೈದ್ಯರನ್ನು ಕರೆತಂದನು. ಭೀಷ್ಮನು ಅವರಿಗೆ ದ್ರವ್ಯ ಕೊಟ್ಟು ಗೌರವದಿಂದ ಕಳುಹಿಸುವಂತೆ ಹೇಳಿದನು. ವೀರಕಥೆಯಲ್ಲಿ ವೈದ್ಯನ ಸ್ಥಿತಿಯೇನೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವಿಲ್ಲ: ಅವನು ಬರುವನು, ಸಂಭಾವನೆ ಪಡೆಯುವನು, ಕೆಲಸವಿಲ್ಲದೆ ಹಿಂದಿರುಗುವನು.

ಕರ್ಮಾಂಶದಲ್ಲಿ ಸಂವಾದವು ಇನ್ನೂ ಸ್ಪಷ್ಟವಾಗಿದೆ. ಸುಶ್ರುತನು ಆಯುಧಾದಿಗಳಿಂದಾದ ಸದ್ಯೋವ್ರಣಗಳನ್ನು ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟ ಎಂದು ಆರಾಗಿ ವಿಭಾಗಿಸಿರುವನು. ಕೊಯ್ತ, ಚುಚ್ಚು, ಜಜ್ಜು, ತರಚು ಎಂಬ ಕ್ರೀಡೆಯ ವಿಭಾಗವು ಇದಕ್ಕೆ ದೂರವಲ್ಲ. ರಕ್ತವನ್ನು ನಿಲ್ಲಿಸಲು ಸಂಧಾನ, ಸ್ಕಂದನ, ಪಾಚನ, ದಹನ ಎಂಬ ನಾಲ್ಕು ಉಪಾಯಗಳನ್ನು ಹೇಳಿ, ಒಂದು ಸಫಲವಾಗದಿದ್ದರೆ ಮತ್ತೊಂದನ್ನು ಪ್ರಯೋಗಿಸಬೇಕೆಂದೂ ಕಡೆಯದಾಗಿ ದಹನವನ್ನು ಮಾಡಬೇಕೆಂದೂ ಕ್ರಮವನ್ನು ಕಟ್ಟಿರುವನು. ಕೋಶ, ದಾಮ, ಸ್ವಸ್ತಿಕ ಮೊದಲಾಗಿ ಹದಿನಾಲ್ಕು ಬಂಧಗಳನ್ನು ಹೆಸರಿಸಿ, ಯಾವ ಅಂಗಕ್ಕೆ ಯಾವ ಬಂಧವೆಂದು ನಿಯಮಿಸಿರುವನು. ಕ್ರೀಡೆಯನ್ನು ರಚಿಸಿದವರು ಸಂಹಿತೆಯನ್ನು ಓದಿದ್ದರೆಂದು ಇದರ ತಾತ್ಪರ್ಯವಲ್ಲ. ಶರೀರವು ಒಂದೇ, ಗಾಯವು ಒಂದೇ ಆದುದರಿಂದ ವಿಚಾರವುಳ್ಳವರೆಲ್ಲರೂ ಒಂದೇ ಹಾದಿಗೆ ಬರುವರೆಂಬುದಷ್ಟೇ ತಾತ್ಪರ್ಯ.

ಭೇದಗಳನ್ನೂ ಹೇಳಬೇಕು. ಸುಶ್ರುತನು ಹೇಳುವ 107 ಮರ್ಮಗಳಲ್ಲಿ ಉತ್ಕ್ಷೇಪಗಳೆರಡು, ಸ್ಥಪನಿಯೊಂದು, ಈ ಮೂರು ವಿಶಲ್ಯಘ್ನಗಳು. ಅಲ್ಲಿ ನಾಟಿದ ಶಲ್ಯವು ಇರುವವರೆಗೆ ಮನುಷ್ಯನು ಬದುಕಿರುವನು, ಕಿತ್ತರೆ ಸಾಯುವನು. ಮೈಯಲ್ಲಿ ಆಳವಾಗಿ ನೆಟ್ಟ ವಸ್ತುವನ್ನು ಸ್ಥಳದಲ್ಲಿ ಕೀಳಬಾರದೆಂದು ಇಂದಿನ ಪ್ರಥಮಚಿಕಿತ್ಸೆಯೂ ಬೋಧಿಸುವುದು. ಕ್ರೀಡೆಯಲ್ಲಿ ಇಂತಹ ಸೂಕ್ಷ್ಮಗಳಿಗೆ ಎಡೆ ಕಡಮೆ. ಮತ್ತೊಂದು ಭೇದವು ಧರ್ಮಸಂಬಂಧವಾದುದು. ಸಾಧ್ಯ, ಅಸಾಧ್ಯ ಎಂಬ ಶಾಸ್ತ್ರವಿಭಾಗವು ರೋಗದ ಸ್ವಭಾವವನ್ನವಲಂಬಿಸಿದೆ. ಚೀಟಿಯ ವಿಭಾಗವು ರೋಗವನ್ನು ಮಾತ್ರವಲ್ಲದೆ ಕಾಲವನ್ನೂ ಸಾಮಗ್ರಿಯನ್ನೂ ಅವಲಂಬಿಸಿದೆ. ಒಬ್ಬನೇ ಇದ್ದಿದ್ದರೆ ಸಾಧ್ಯನಾಗುತ್ತಿದ್ದವನು ನಾಲ್ವರಲ್ಲಿ ಒಬ್ಬನಾದುದರಿಂದ ಅಸಾಧ್ಯನಾಗುವನು. ಇದು ಗುರುಕುಲದಲ್ಲಿ ಕಲಿಯುವ ಪಾಠವಲ್ಲ, ರಣದಲ್ಲಿ ಕಲಿಯುವ ಪಾಠ.

4. ಯೋಗ್ಯೆಯೋ, ಕ್ರೀಡೆಯೋ?

ಇಲ್ಲಿ ಒಂದು ಶಂಕೆ ಹುಟ್ಟುವುದು. ಬೆರಳಿನಿಂದ ಗುಂಡಿಯೊತ್ತುವುದಕ್ಕೂ ಗಾಯ ಕಟ್ಟುವುದಕ್ಕೂ ಸಂಬಂಧವೇನು? ಇದು ವಿದ್ಯೆಯೇ, ಬರಿಯ ವಿನೋದವೇ?

ಸಮಾಧಾನಕ್ಕೆ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವಾದ ಯೋಗ್ಯಾಸೂತ್ರೀಯವನ್ನು ನೋಡಬೇಕು. ಯೋಗ್ಯೆಯೆಂದರೆ ಕರ್ಮಾಭ್ಯಾಸ. ಎಷ್ಟು ಓದಿದವನಾದರೂ ಯೋಗ್ಯೆಯಿಲ್ಲದವನು ಕರ್ಮಕ್ಕೆ ಅರ್ಹನಲ್ಲವೆಂದು ಸುಶ್ರುತನು ಕಂಠೋಕ್ತವಾಗಿ ಹೇಳಿರುವನು. ಆದರೆ ಜೀವಂತ ಶರೀರದ ಮೇಲೆ ಮೊದಲ ಪಾಠವನ್ನು ಕಲಿಯಲಾಗದಷ್ಟೆ. ಅದಕ್ಕಾಗಿ ಬೂದುಗುಂಬಳ, ಸೋರೆ, ಸೌತೆ ಮೊದಲಾದ ಕಾಯಿಗಳಲ್ಲಿ ಛೇದನವನ್ನೂ, ನೀರು ಕೆಸರು ತುಂಬಿದ ತೊಗಲುಚೀಲಗಳಲ್ಲಿ ಭೇದನವನ್ನೂ, ರೋಮವುಳ್ಳ ಚರ್ಮದ ಮೇಲೆ ಲೇಖನವನ್ನೂ ಅಭ್ಯಾಸ ಮಾಡಿಸತಕ್ಕುದು. ಬಂಧಗಳನ್ನು ಕಲಿಯಲು ಪುಸ್ತಮಯಪುರುಷನನ್ನು, ಎಂದರೆ ಬಟ್ಟೆ ಮೊದಲಾದವುಗಳಿಂದ ಮಾಡಿದ ಬೊಂಬೆಯ ಮನುಷ್ಯನನ್ನು ಇಟ್ಟುಕೊಳ್ಳತಕ್ಕುದು. ಅನುಕರಣದ ಮೂಲಕ ವೈದ್ಯವನ್ನು ಕಲಿಸುವ ಕ್ರಮವು ಎಷ್ಟು ಹಳೆಯದೆಂಬುದಕ್ಕೆ ಈ ಬೊಂಬೆಯೇ ಸಾಕ್ಷಿ. ಪರದೆಯ ಮೇಲಣ ಗಾಯಾಳುವೂ ಪುಸ್ತಮಯಪುರುಷನ ವಂಶದವನೇ ಸರಿ.

ಆದರೂ ಇಬ್ಬರಿಗೂ ಭೇದವುಂಟು. ಬಟ್ಟೆಯ ಬೊಂಬೆಯು ಕೈಗೆ ಕಲಿಸುವುದು. ಪಟ್ಟಿಯ ಬಿಗಿ ಸಡಿಲ, ಸುತ್ತಿನ ಎಣಿಕೆ, ಗಂಟಿನ ಸ್ಥಾನ ಇವೆಲ್ಲ ಕೈಯ ವಿದ್ಯೆ. ಪರದೆಯ ಬೊಂಬೆಯು ಕೈಗೆ ಏನನ್ನೂ ಕಲಿಸಲಾರದು. ಬಟ್ಟೆಯ ಬೊಂಬೆಯಾದರೋ ರಕ್ತ ಸುರಿಸುವುದಿಲ್ಲ, ಕೂಗುವುದಿಲ್ಲ, ಸಾಯುವುದಿಲ್ಲ. ಪರದೆಯ ಬೊಂಬೆಯು ಕಾಲವಶವಾದುದು. ತಡವಾದರೆ ಸಾಯುವುದು, ಕ್ರಮ ತಪ್ಪಿದರೆ ಸಾಯುವುದು. ಆದುದರಿಂದ ಅನುಕರಣಕ್ರೀಡೆಯು ಹಸ್ತಯೋಗ್ಯೆಯಲ್ಲ, ಕ್ರಮಯೋಗ್ಯೆ. ಗಾಬರಿಯ ನಡುವೆ ಮೊದಲು ಯಾವುದು, ಆಮೇಲೆ ಯಾವುದು, ಯಾರು ಮೊದಲು, ಯಾರು ಆಮೇಲೆ ಎಂಬ ವಿವೇಕವನ್ನು ಮನಸ್ಸಿಗೆ ರೂಢಿಸುವುದು ಇದರ ಫಲ.

ಇದಕ್ಕೆ ದೃಷ್ಟಾಂತವೊಂದು ಲೋಕಪ್ರಸಿದ್ಧವಾಗಿದೆ. ಅಮೆರಿಕಾಸ್ ಆರ್ಮಿ ಆಟದಲ್ಲಿ ರಣವೈದ್ಯನ ಪಾತ್ರವನ್ನು ಬಯಸಿದವನು ಪರದೆಯ ಮೇಲಿನ ತರಗತಿಯಲ್ಲಿ ಕುಳಿತು, ಪಾಠ ಕೇಳಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟು ತೇರ್ಗಡೆಯಾಗಬೇಕಿತ್ತು. 2007ರ ನವೆಂಬರಿನಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾ ಸಂಸ್ಥಾನದ ಹೆದ್ದಾರಿಯಲ್ಲಿ ವಾಹನವೊಂದು ಉರುಳಿಬಿದ್ದಿತು. ವೈದ್ಯಶಿಕ್ಷಣವಿಲ್ಲದ, ಆ ಆಟವನ್ನು ಆಡಿದ್ದ ಒಬ್ಬಾತನು ಒಳಗಿದ್ದ ಇಬ್ಬರನ್ನು ಹೊರಕ್ಕೆ ತಂದು, ಯಾರ ಗಾಯ ಹೆಚ್ಚೆಂದು ನೋಡಿ, ಬೆರಳುಗಳನ್ನು ಕಳೆದುಕೊಂಡವನ ಕೈಗೆ ಬಟ್ಟೆಯನ್ನು ಒತ್ತಿಸಿ, ಕೈಯನ್ನು ತಲೆಗಿಂತ ಎತ್ತರಕ್ಕೆ ಹಿಡಿಯುವಂತೆ ಮಾಡಿದನು. ಆಟದ ಪಾಠದಲ್ಲಿ ಕಲಿತುದನ್ನೇ ಮಾಡಿದೆನೆಂದು ಆಮೇಲೆ ತಿಳಿಸಿದನು. ಇಲ್ಲಿ ಉಪಯೋಗಕ್ಕೆ ಬಂದುದು ಕೈಚಳಕವಲ್ಲ. ವಿಂಗಡಣೆ ಮತ್ತು ಕ್ರಮ ಎಂಬುದನ್ನು ಗಮನಿಸಬೇಕು.

ದೃಷ್ಟಾಂತವು ಒಂದಾದುದರಿಂದ ಅತಿವ್ಯಾಪ್ತಿಯೂ ಸಲ್ಲದು. ಅರೆವಿದ್ಯೆಯ ಅಪಾಯಕ್ಕೆ ಮಲೆನಾಡಿನಿಂದಲೇ ಉದಾಹರಣೆ ಕೊಡಬಹುದು. ರಕ್ತ ಹರಿಯುವ ಕಾಲಿಗೆ ಬಿಗಿಪಟ್ಟಿ ಹಾಕುವುದನ್ನು ಆಟದಲ್ಲಿ ಕಲಿತವನು, ಕಾಫಿತೋಟದಲ್ಲಿ ಹಾವು ಕಚ್ಚಿದ ಕಾಲಿಗೂ ಅದನ್ನೇ ಮಾಡಹೊರಟಾನು. ಕಲ್ಪಸ್ಥಾನದಲ್ಲಿ ಸುಶ್ರುತನು ಕಚ್ಚಿದೆಡೆಯಿಂದ ನಾಲ್ಕಂಗುಲ ಮೇಲೆ ಕಟ್ಟು ಕಟ್ಟುವ ಅರಿಷ್ಟಾಬಂಧನವನ್ನು ವಿಧಿಸಿರುವುದು ನಿಜ. ಊರುಗಳಲ್ಲಿ ಆ ರೂಢಿಯೂ ಉಂಟು. ಇಂದಿನ ವೈದ್ಯರಾದರೋ ಇದನ್ನು ನಿಷೇಧಿಸುವರು: ಬಿಗಿದ ಕಟ್ಟಿನಿಂದ ಅಂಗವೇ ಕೊಳೆಯಬಹುದು, ಕಟ್ಟನ್ನು ಬಿಚ್ಚಿದಾಗ ವಿಷವು ಒಮ್ಮೆಗೇ ಏರಬಹುದು. ಕಚ್ಚಿದ ಅಂಗವನ್ನು ಅಲುಗಿಸದೆ ರೋಗಿಯನ್ನು ಬೇಗನೆ ಆಸ್ಪತ್ರೆಗೆ ಒಯ್ಯುವುದೇ ಸರಿಯಾದ ಕ್ರಮ. ಹೊರಗೆ ಒಂದೇ ಆಗಿ ಕಾಣುವ ಕಟ್ಟು ಒಂದೆಡೆ ಪ್ರಾಣವನ್ನು ಉಳಿಸುವುದು, ಮತ್ತೊಂದೆಡೆ ಕಾಲನ್ನು ಕಳೆಯುವುದು. ಆಟವು ಉತ್ಸಾಹವನ್ನು ಹುಟ್ಟಿಸಬಲ್ಲುದು, ಅಧಿಕಾರವನ್ನು ಕೊಡಲಾರದು. ಅಧಿಕಾರಕ್ಕೆ ಗುರುವೂ ಬೇಕು, ಬಟ್ಟೆಯ ಬೊಂಬೆಯೂ ಬೇಕು.

5. ರಸವಿಚಾರ

ನಾಟ್ಯದೊಡನೆ ಹೋಲಿಸಿದರೆ ಈ ಕ್ರೀಡೆಯ ವಿಶೇಷವು ಸ್ಪಷ್ಟವಾಗುವುದು. ನಾಟ್ಯದಲ್ಲಿ ನಟನು ಬೇರೆ, ಸಾಮಾಜಿಕನು ಬೇರೆ. ಇಲ್ಲಿ ಆಡುವವನೇ ನಟನೂ ಸಾಮಾಜಿಕನೂ ಆಗಿರುವನು. ದಶರೂಪಕವು ಯುದ್ಧವನ್ನೂ ವಧವನ್ನೂ ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದೆಂದು ನಿಷೇಧಿಸಿತು. ಇಲ್ಲಿ ಅವೆರಡೇ ವಸ್ತು. ಯೋಧನಾಗಿ ಆಡುವವನ ಸ್ಥಾಯಿಯು ಉತ್ಸಾಹವೆಂಬುದರಲ್ಲಿ ವಿವಾದವಿಲ್ಲ. ರಣವೈದ್ಯನಾಗಿ ಆಡುವವನ ರಸವಾವುದು?

ಕರುಣವೆನ್ನಲಾಗದು. ಕರುಣಕ್ಕೆ ಸ್ಥಾಯಿಯಾದ ಶೋಕವು ಇಷ್ಟನಾಶದಿಂದ ಹುಟ್ಟುವುದು, ಅದು ನಿಷ್ಕ್ರಿಯವಾದುದು. ಶೋಕಿಸುತ್ತ ಕುಳಿತ ರಣವೈದ್ಯನು ಎರಡನೆಯವನನ್ನೂ ಕಳೆದುಕೊಳ್ಳುವನು. ಬೀಭತ್ಸವೆನ್ನಲೂ ಆಗದು. ರಕ್ತಮಾಂಸಗಳು ವಿಭಾವವಾಗಿದ್ದರೂ ಅವನು ಅವುಗಳಿಂದ ಹಿಂಜರಿಯುವನಲ್ಲ, ಅವುಗಳ ಕಡೆಗೇ ಓಡುವನು. ಸಾಹಿತ್ಯದರ್ಪಣಕಾರನು ವೀರವನ್ನು ದಾನವೀರ, ಧರ್ಮವೀರ, ಯುದ್ಧವೀರ, ದಯಾವೀರ ಎಂದು ನಾಲ್ಕಾಗಿ ವಿಭಾಗಿಸಿ, ಗರುಡನಿಗೆ ತನ್ನ ದೇಹವನ್ನೇ ಒಪ್ಪಿಸಿದ ನಾಗಾನಂದದ ಜೀಮೂತವಾಹನನನ್ನು ದಯಾವೀರಕ್ಕೆ ಉದಾಹರಿಸಿದನು. ರಣವೈದ್ಯನ ರಸವು ಈ ದಯಾವೀರವೇ. ಪರದುಃಖವು ಇಲ್ಲಿ ಆಲಂಬನ, ಕೂಗು ಉದ್ದೀಪನ, ಮರೆಯನ್ನು ಬಿಟ್ಟು ಓಡುವುದು ಅನುಭಾವ, ಉತ್ಸಾಹವು ಸ್ಥಾಯಿ.

ಜೀಮೂತವಾಹನನಿಗೂ ಇವನಿಗೂ ಒಂದು ತಾರತಮ್ಯವುಂಟು. ಜೀಮೂತವಾಹನನು ತನ್ನನ್ನು ಕೊಟ್ಟು ಒಬ್ಬನನ್ನು ಉಳಿಸಹೊರಟನು. ರಣವೈದ್ಯನು ತನ್ನನ್ನು ಕೊಡುವಂತಿಲ್ಲ. ತಾನು ಸತ್ತರೆ ನಾಲ್ವರೂ ಸಾಯುವರೆಂದು ಬಲ್ಲನಾದುದರಿಂದ, ಹಾರಬೇಕೆಂಬ ಮನಸ್ಸನ್ನು ಹಿಡಿದು ನಿಲ್ಲಿಸಿ, ಗುಂಡು ನಿಲ್ಲುವವರೆಗೆ ಮರೆಯಲ್ಲಿ ಕಾಯುವನು. ತಡೆಹಿಡಿದ ದಯೆಯೇ ಇಲ್ಲಿಯ ವೀರ. ಈ ಛಾಯೆಯು ಹಳೆಯ ಉದಾಹರಣೆಗಳಲ್ಲಿ ವಿರಳವಾದುದು.

ರಸಭಂಗಕ್ಕೆ ಕಾರಣವಾಗುವ ಅಂಶವೊಂದನ್ನೂ ಮುಚ್ಚಿಡತಕ್ಕುದಲ್ಲ. ಕ್ರೀಡೆಯಲ್ಲಿ ಸತ್ತವನು ಮತ್ತೊಂದು ದೇಹದಲ್ಲಿ ಹುಟ್ಟಿ ಬರುವನು. ಮೃತಸಂಜೀವನಿಯು ಹಿಂಬಾಗಿಲಿನಿಂದ ಪ್ರವೇಶಿಸುವುದು. ಇದನ್ನರಿತೇ ಕೆಲವು ಬಳಗಗಳು ಒಂದು ಆಟದಲ್ಲಿ ಸತ್ತವನು ಆ ಆಟ ಮುಗಿಯುವವರೆಗೆ ಮರಳಿ ಬರಕೂಡದೆಂದು ನಿಯಮ ಮಾಡಿಕೊಳ್ಳುವುವು. ಮರಣಕ್ಕೆ ಬೆಲೆ ಬಂದಾಗ ಮಾತ್ರ ವೈದ್ಯನಿಗೆ ಬೆಲೆ ಬರುವುದೆಂಬುದನ್ನು ಆಟಗಾರರೇ ಕಂಡುಕೊಂಡಂತಾಯಿತು.

6. ಧರ್ಮವಿಚಾರ

ಗಾಯಗೊಂಡ ಶತ್ರುವಿನ ವಿಷಯದಲ್ಲಿ ಏನು ಮಾಡತಕ್ಕುದು? ಶಾಂತಿಪರ್ವದ ರಾಜಧರ್ಮದಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವಿದೆ. ಆಯುಧ ಮುರಿದವನನ್ನೂ ವಾಹನವನ್ನು ಕಳೆದುಕೊಂಡವನನ್ನೂ ಕೊಲ್ಲಬಾರದು. ತನ್ನ ದೇಶದಲ್ಲಿಯೇ ಚಿಕಿತ್ಸೆ ಮಾಡಿಸಬೇಕು, ಇಲ್ಲವೆ ಅವನ ಮನೆಗೆ ಮುಟ್ಟಿಸಬೇಕು. ಗಾಯ ಮಾಯ್ದ ಬಳಿಕ ಬಿಟ್ಟುಬಿಡಬೇಕು ಎಂಬುದು ಅದರ ಅಭಿಪ್ರಾಯ. 1864ರಲ್ಲಿ ಜಿನೀವದಲ್ಲಿ ಮೊದಲಾದ ಒಡಂಬಡಿಕೆಗಳು ಇದೇ ಧರ್ಮವನ್ನು ರಾಷ್ಟ್ರಗಳ ನಡುವಣ ಕಟ್ಟಳೆಯಾಗಿ ಮಾಡಿದುವು. 1949ರ ಮೊದಲನೆಯ ಒಡಂಬಡಿಕೆಯ 12ನ ವಿಧಿಯಂತೆ ಚಿಕಿತ್ಸೆಯ ಸರದಿಯಲ್ಲಿ ಒಬ್ಬನಿಗೆ ಮುನ್ನಣೆ ಕೊಡಲು ವೈದ್ಯಸಂಬಂಧವಾದ ತುರ್ತು ಕಾರಣವೊಂದೇ ಆಧಾರ. ಸ್ವಪಕ್ಷ, ಪರಪಕ್ಷವೆಂಬುದು ಆಧಾರವಲ್ಲ. ಬಣ್ಣದ ಚೀಟಿಗೆ ಸಮವಸ್ತ್ರದ ಬಣ್ಣವು ತಿಳಿಯಬಾರದೆಂದಾಯಿತು. ಭಾರತದಲ್ಲಿ 1960ರ ಜಿನೀವ ಒಡಂಬಡಿಕೆಗಳ ಶಾಸನವು ಕೆಂಪು ಶಿಲುಬೆಯ ಲಾಂಛನವನ್ನು ಅಪ್ಪಣೆಯಿಲ್ಲದೆ ಬಳಸುವುದನ್ನು ನಿಷೇಧಿಸಿದೆ.

ಕ್ರೀಡೆಗಳೂ ಈ ವಿಚಾರಕ್ಕೆ ಹೊರಗಾಗಿ ಉಳಿದಿಲ್ಲ. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯು ಯುದ್ಧಕ್ರೀಡೆಗಳಲ್ಲಿಯೂ ಯುದ್ಧಧರ್ಮವು ಪಾಲಿತವಾಗಬೇಕೆಂದೂ, ಅದನ್ನು ಮೀರಿದ ಆಟಗಾರನಿಗೆ ಆಟದೊಳಗೇ ದಂಡನೆಯಿರಬೇಕೆಂದೂ ವಾದಿಸಿತು. 2017ರ ಸೆಪ್ಟೆಂಬರಿನಲ್ಲಿ ಆರ್ಮ 3ಕ್ಕೆ ಲಾಸ್ ಆಫ್ ವಾರ್ ಎಂಬ ಭಾಗವು ಸೇರಿತು. ಅದರ ನಾಯಕನು ಯೋಧನಲ್ಲ, ಪರೋಪಕಾರಸಂಸ್ಥೆಯ ಪರವಾಗಿ ಸ್ಫೋಟಕಗಳನ್ನು ತೆಗೆಯುವವನು. ಅದರಿಂದ ಆ ವರ್ಷ ಬಂದ ನಿವ್ವಳ ಆದಾಯದ ಅರ್ಧವನ್ನು, 1,76,000 ಡಾಲರಿಗೂ ಮಿಕ್ಕ ಹಣವನ್ನು, ರಚಕರು ಆ ಸಮಿತಿಗೆ ಕೊಟ್ಟರು.

7. ಉಪಸಂಹಾರ

ಮೇಲ್ಕಂಡ ವಿಚಾರದಿಂದ ಸಿದ್ಧವಾಗುವುದಿಷ್ಟು. ಶಾಸ್ತ್ರದಲ್ಲಿ ಧ್ವಜದಂತೆ ನಿಲ್ಲಬೇಕೆಂದು ವಿಹಿತನಾದ ರಣವೈದ್ಯನು ಕಾವ್ಯದಲ್ಲಿಯೂ ಶಿಲೆಯಲ್ಲಿಯೂ ಹಿಂದೆ ಸರಿದು, ಅನುಕರಣಕ್ರೀಡೆಯಲ್ಲಿ ಮತ್ತೆ ಮುಂದೆ ಬಂದಿರುವನು. ಅವನ ಪಾತ್ರವನ್ನು ಆಡುವುದು ಹಸ್ತಯೋಗ್ಯೆಯಲ್ಲ, ಕ್ರಮಯೋಗ್ಯೆ. ಅದರ ರಸವು ಯುದ್ಧವೀರವಲ್ಲ, ಸಂಯಮದಿಂದ ಕೂಡಿದ ದಯಾವೀರ. ಯುದ್ಧಕ್ರೀಡೆಗಳೆಲ್ಲವೂ ಕೊಲೆಯ ಅಭ್ಯಾಸವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ಅಧ್ಯಾಪಕರು, ಶಿಷ್ಯನು ಯಾವ ಪಾತ್ರವನ್ನು ಆಡುವನೆಂದು ಒಮ್ಮೆ ಕೇಳಿ ನೋಡಬೇಕು.

ಬಿಕ್ಕೋಡಿನ ಸುತ್ತಣ ಕಾಫಿತೋಟಗಳಲ್ಲಿ ಇಂದು ತುರುಗಾಳಗವಿಲ್ಲ. ಮರಗಸಿಯಲ್ಲಿ ಮೇಲಿಂದ ಬಿದ್ದವರು, ಕತ್ತಿಯೇಟು ತಗುಲಿಸಿಕೊಂಡವರು, ತಿರುವಿನಲ್ಲಿ ವಾಹನದಿಂದ ಉರುಳಿದವರು, ಆನೆಯ ದಾಳಿಗೆ ಸಿಕ್ಕಿದವರು ಉಂಟು. ಕರ್ನಾಟಕದಲ್ಲಿ 108ರ ಆಂಬುಲೆನ್ಸ್ 2008ರ ನವೆಂಬರಿನಲ್ಲಿ ಮೊದಲಾಯಿತು; ಅದು ತೋಟದ ದಾರಿಯನ್ನು ಹಿಡಿದು ಬರುವವರೆಗೆ ಕೆಲವು ನಿಮಿಷಗಳು ಬಿದ್ದವನ ಬಳಿಯಲ್ಲಿರುವವರ ಪಾಲಿನವು. ವೀರಗಲ್ಲಿನ ಮೊದಲ ಪಟ್ಟಿಕೆಗೂ ಎರಡನೆಯದಕ್ಕೂ ನಡುವೆ ಶಿಲ್ಪಿಯು ಬಿಟ್ಟ ತೆರಪು ಇದೇ. ಅಲ್ಲಿ ಬಟ್ಟೆಯೊಂದನ್ನು ಹಿಡಿದು, ಗಾಬರಿಯಾಗದೆ, ಮೊದಲು ಯಾವುದೆಂದು ತಿಳಿದು ಕುಳಿತುಕೊಳ್ಳಬಲ್ಲವನು ಒಬ್ಬನಿದ್ದರೆ, ಎರಡನೆಯ ಪಟ್ಟಿಕೆಯನ್ನು ಕೆತ್ತುವ ಪ್ರಸಕ್ತಿಯೇ ಬಾರದೆ ಹೋಗಬಹುದು.